ನಳಿಕೆಗೊಂದು ಕುಲಾವಿ

ಆ ಉದ್ದನೆಯ ರಸ್ತೆಯಲ್ಲಿ ಎಲ್ಲಕ್ಕಿಂತ ಶುದ್ಧವಾದ ಗಾಳಿ ಅಜ್ಜಿಯ ಕಿಟಕಿಯ ಹೊರಗಿದೆ ಎಂದು ಪ್ರಯೋಗಾಲಯದವರು ಬರೆದು ಕಳಿಸಿದಾಗ ಕಚೇರಿಯಲ್ಲಿ ಮೊದಲು ನಕ್ಕವಳು ಗುಬ್ಬಿ. ಬಾಯಿಗೆ ಕೈ ಅಡ್ಡ ಇಟ್ಟು, ಯಾರಿಗೂ ಕೇಳಿಸದ ಹಾಗೆ ನಕ್ಕಳು. ಅಜ್ಜಿಯ ಮನೆ ಇರುವುದು ನಾಲ್ಕು ರಸ್ತೆ ಸೇರುವ ಮೂಲೆಯಲ್ಲಿ, ಮಹಡಿಯ ಮೇಲೆ. ಕೆಳಗೆ ಕೆಂಪು ದೀಪ ಬಿದ್ದರೆ ಬಸ್ಸು, ಲಾರಿ, ಕಾರುಗಳು ಒಂದರ ಬೆನ್ನಿಗೆ ಒಂದು ಮೂಗು ತಾಗಿಸಿಕೊಂಡು ನಿಲ್ಲುತ್ತವೆ. ಆ ಕಿಟಕಿಯ ಸರಳನ್ನು ಬೆಳಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಬೆರಳು ಕಪ್ಪಾಗುತ್ತದೆ. ಆ ಸರಳು ಹಿಡಿದುಕೊಂಡೇ ನಿಲ್ಲಲು ಕಲಿತವಳಿಗೆ ಅಷ್ಟು ಗೊತ್ತಿಲ್ಲವೆ?

ಗುಬ್ಬಿ ಎಂಬುದು ಅಜ್ಜಿ ಇಟ್ಟ ಹೆಸರು. ಸಣ್ಣ ಮೈ, ಸಣ್ಣ ದನಿ, ನಾಲ್ಕು ಜನ ಸೇರಿದ ಕಡೆ ಗೋಡೆಗೆ ಅಂಟಿಕೊಂಡು ನಿಲ್ಲುವ ಸ್ವಭಾವ. ಕಚೇರಿಯಲ್ಲೂ ಅದೇ ಹೆಸರು ಹೇಗೋ ಅಂಟಿಕೊಂಡಿತ್ತು. ಆ ಕಚೇರಿಯ ಕೆಲಸ, ಊರಿನಲ್ಲಿ ಏನಾದರೂ ದೊಡ್ಡ ಬದಲಾವಣೆ ಮಾಡುವ ಮೊದಲು ಅದರಿಂದ ಗಾಳಿಗೆ, ನೀರಿಗೆ, ಜನರ ಕಿವಿಗೆ ಏನಾಗುತ್ತದೆ ಎಂದು ನೋಡುವುದು. ಈ ಸಲ ನೋಡುತ್ತಿದ್ದದ್ದು ಸಿಗ್ನಲ್ಲುಗಳನ್ನು.

ಆ ರಸ್ತೆಯ ಸಿಗ್ನಲ್ಲುಗಳು ಇದುವರೆಗೆ ಒಂದೊಂದೂ ತನ್ನ ಪಾಡಿಗೆ ತಾನು ಹಸಿರಾಗಿ ಕೆಂಪಾಗುತ್ತಿದ್ದವು. ಒಂದನ್ನು ದಾಟಿದ ಗಾಡಿ ಮುಂದಿನದರಲ್ಲಿ ಸಿಕ್ಕಿಬೀಳುತ್ತಿತ್ತು. ಅವನ್ನೆಲ್ಲ ಒಂದೇ ತಾಳಕ್ಕೆ ಕಟ್ಟುವುದು ಈಗಿನ ಯೋಜನೆ. ರಸ್ತೆಯ ಆರಂಭದಲ್ಲಿ ಗಾಡಿಗಳನ್ನು ತಡೆದು, ಗುಂಪು ಮಾಡಿ ಬಿಟ್ಟರೆ, ಆ ಗುಂಪು ಮುಂದೆಲ್ಲೂ ನಿಲ್ಲದೆ ಹಸಿರಿನಿಂದ ಹಸಿರಿಗೆ ಹರಿದುಹೋಗುತ್ತದೆ. ಇಡೀ ರಸ್ತೆಗೆ ಹೊಗೆ ಕಡಿಮೆ, ಹಾರ್ನ್ ಕಡಿಮೆ. ಆದರೆ ತಡೆದು ನಿಲ್ಲಿಸುವ ಆ ಒಂದು ಕಡೆ ಎಲ್ಲರ ಪಾಲಿನ ಹೊಗೆಯೂ ರಾಶಿ ಬೀಳುತ್ತದೆ. ಅದಕ್ಕೆ ಒಗ್ಗುವ ಜಾಗಗಳು ಮೂರು: ಅಜ್ಜಿಯ ಮನೆಯ ಮೂಲೆ, ಔಷಧಿ ಅಂಗಡಿಯ ಮೂಲೆ, ನೀರಿನ ಟ್ಯಾಂಕಿನ ಉದ್ದ ಗೋಡೆ. ಯಾವುದು ತಡೆದುಕೊಂಡೀತು ಎಂದು ತಿಳಿಯಲು ರಸ್ತೆಯುದ್ದಕ್ಕೂ ಮನೆ ಅಂಗಡಿಗಳ ಕಿಟಕಿಗೆ ಹೊಗೆ ಹಿಡಿಯುವ ನಳಿಕೆಗಳನ್ನು ನೇತುಹಾಕಿದ್ದರು. ಬೆರಳುದ್ದದ ಪ್ಲಾಸ್ಟಿಕ್ ನಳಿಕೆ. ಬಾಯಿ ಕೆಳಗೆ, ತೆರೆದೇ ಇರುತ್ತದೆ. ಒಂದು ತಿಂಗಳು ಗಾಳಿ ಕುಡಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ನೇತುಹಾಕಿದವಳು, ಬಿಚ್ಚಿ ತಂದವಳು ಗುಬ್ಬಿ.

"ಸಿಗ್ನಲ್ ಬದಲಾಗೋ ಮೊದಲೇ ಅದರ ಹೊಗೆ ಅಳೀತಾ ಕೂತಿದ್ದೀರಿ" ಎಂದು ಸಿಗ್ನಲ್ ಎಂಜಿನಿಯರ್ ದಿನವೂ ರೇಗಿಸುತ್ತಿದ್ದರು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗೆ."

"ಹುಟ್ಟಿದ ಮೇಲೆ ಹೊಲಿಸಿ, ತಲೆಗೆ ಹಿಡಿಸ್ಲಿಲ್ಲ ಅಂದ್ರೆ ತಲೆ ಕೆತ್ತೋಕಾಗುತ್ತಾ ಸಾರ್?" ಎನ್ನುತ್ತಿದ್ದರು ಪರಿಶೀಲನೆಯ ಹೊಣೆ ಹೊತ್ತ ಮೇಡಂ.

ಆ ದಿನ ಇಬ್ಬರೂ ಅಜ್ಜಿಯ ಕಿಟಕಿಯ ಅಂಕಿಯನ್ನೇ ನೋಡುತ್ತಿದ್ದರು. ಮೇಡಂ ಹುಬ್ಬು ಗಂಟಿಕ್ಕಿದ್ದರು. ಎಂಜಿನಿಯರ್‌ಗೆ ಮಾತ್ರ ಖುಷಿ. ಅವರ ತಾಳಕ್ಕೆ ಆ ಮೂಲೆಯೇ ಚೆನ್ನಾಗಿ ಕೂರುತ್ತಿತ್ತು.

"ಎದುರುಗಡೆ ಶಾಲೆ ಮೈದಾನ ಇದೆಯಲ್ಲ ಮೇಡಂ. ಗಾಳಿ ಆಡುತ್ತೆ, ಹೊಗೆ ನಿಲ್ಲಲ್ಲ. ಅಲ್ಲೇ ತಡೆಯೋಣ. ಆ ಟ್ಯಾಂಕಿನ ಗೋಡೆ ಹತ್ತಿರ ಆದ್ರೆ ನನ್ನ ತಾಳ ತಪ್ಪುತ್ತೆ."

ಕರಡು ವರದಿಯಲ್ಲಿ ಹಾಗೆಯೇ ಬರೆದರು. ಗುಬ್ಬಿಯ ನಗು ಅಲ್ಲಿಗೆ ನಿಂತಿತು.

ಸಂಜೆ ಅವಳು ನೇರ ಅಜ್ಜಿಯ ಮನೆಗೆ ಹೋದಳು. ಅಪ್ಪ ಅಮ್ಮನ ಜೊತೆ ಅವಳಿದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಇಲ್ಲಿಗೆ ಬರುತ್ತಿದ್ದದ್ದು ಭಾನುವಾರಗಳಂದು. ವಾರದ ನಡುವೆ ಬಂದವಳನ್ನು ಕಂಡು ಅಜ್ಜಿ ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆಯೇ ಕೇಳಿದಳು, "ಯಾಕೆ, ಕೆಲಸದಿಂದ ತೆಗೆದ್ರಾ?"

ಅಜ್ಜಿ ಎಳೆಮಕ್ಕಳ ಬಟ್ಟೆ ಹೊಲಿಯುವವಳು. ಬೆಳಕಿಗಾಗಿ ಯಂತ್ರ ಕಿಟಕಿಗೆ ತಾಗಿಕೊಂಡೇ ಇತ್ತು. ಎಡಗಡೆ ಕತ್ತರಿಸಿದ ಬಟ್ಟೆ, ಬಲಗಡೆ ಹೊಲಿದು ಮುಗಿದ ಅಂಗಿ, ಕುಲಾವಿಗಳ ಗುಡ್ಡೆ. ನೆಲದ ಮೇಲೆ ಒಂದು ನೂಲಿನ ಚೂರೂ ಇಲ್ಲ. ಯಂತ್ರದ ಸದ್ದಿನ ನಡುವೆ ಆಗಾಗ ಕೆಮ್ಮು. ಅದು ವರ್ಷಗಳಿಂದ ಎದೆಯಲ್ಲಿ ಬಾಡಿಗೆಗೆ ಕೂತು ಖಾಲಿ ಮಾಡಲು ಒಪ್ಪದ ಕೆಮ್ಮು.

"ಇಡೀ ರಸ್ತೆಗೆ ನಿನ್ನ ಕಿಟಕಿಯೇ ಕ್ಲೀನ್ ಅಂತೆ ಅಜ್ಜಿ."

ಯಂತ್ರ ನಿಂತಿತು. "ಯಾರು ಹೇಳಿದ್ದು?"

"ಲ್ಯಾಬಿನವರು."

"ಓದಿದವರಾ?"

"ಓದಿದವರೇ."

"ಮತ್ತೆ" ಎಂದಳು ಅಜ್ಜಿ. ಆ ಒಂದು ಮಾತಿನಲ್ಲಿ ಅವಳು ಈ ಮನೆಗೆ ಬಂದ ದಿನದಿಂದ ಗುಡಿಸಿದ್ದು, ಒರೆಸಿದ್ದು, ತಿಕ್ಕಿದ್ದು ಎಲ್ಲ ಇತ್ತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ಕೆಳಗಿನ ಮನೆಯವಳಿಗೆ ಹೇಳಿದ್ಯಾ?"

"ಇಲ್ಲ."

"ಬೇಡ ಬಿಡು, ನಾನೇ ಹೇಳ್ತೀನಿ. ನೀನು ಹೇಳಿದ್ರೆ ಗಟ್ಟಿಯಾಗಿ ಕೇಳ್ಸಲ್ಲ."

"ಅಜ್ಜಿ, ಇನ್ನೂ ಇದೆ. ಇಲ್ಲಿ ಗಾಳಿ ಚೆನ್ನಾಗಿದೆ ಅಂತ ಗಾಡಿಗಳನ್ನೆಲ್ಲ ಇಲ್ಲೇ ತಡೀಬೇಕು ಅಂತಿದ್ದಾರೆ. ಈಗ ನಿಲ್ಲೋದಕ್ಕಿಂತ ಜಾಸ್ತಿ ಗಾಡಿ. ಜಾಸ್ತಿ ಹೊತ್ತು."

ಅಜ್ಜಿ ಕಿಟಕಿಯಾಚೆ ನೋಡಿದಳು. ಕೆಳಗೆ ಒಂದು ಲಾರಿ ಆಗಲೇ ಹೊಗೆ ಬಿಡುತ್ತ ನಿಂತಿತ್ತು. "ಗುಡಿಸಿದ ಅಂಗಳದಲ್ಲೇ ಎಲ್ಲರೂ ಚಪ್ಪಲಿ ಬಿಡೋದು" ಎಂದಳು. ಕೆಮ್ಮಿದಳು. "ಹಾಗಾದ್ರೆ ಈ ಕಿಟಕಿ ಮುಚ್ಚಬೇಕಾಗುತ್ತೆ. ಒಳಗಿನ ಕೋಣೇಲಿ ದೀಪ ಹಾಕ್ಕೊಂಡು ಹೊಲೀಬೇಕು. ನನ್ನ ಕಣ್ಣಿಗೆ ದೀಪ ಸಾಲಲ್ಲ." ಆಮೇಲೆ ಗುಬ್ಬಿಯ ತೋಳಿನ ಕಡೆ ನೋಡಿ, "ಹೋಗ್ಲಿ. ನಿನ್ನ ತೋಳಿನ ಗುಂಡಿ ಬಿದ್ದುಹೋಗಿದೆ, ನೋಡ್ಕೊಂಡ್ಯಾ? ಡಬ್ಬಿ ತಾ."

ಗುಂಡಿಗಳ ಡಬ್ಬಿಯಲ್ಲಿ ಕೈಯಾಡಿಸುವಾಗ ಗುಬ್ಬಿಯ ಬೆರಳಿಗೆ ಮೆತ್ತಗೆ ಏನೋ ಸಿಕ್ಕಿತು. ತೆಗೆದು ನೋಡಿದಳು. ಕುಲಾವಿ. ಅಂಚಿಗೆ ಸಣ್ಣ ನೆರಿಗೆ, ಕಟ್ಟಿಕೊಳ್ಳಲು ಎರಡು ಲಾಡಿ, ಎಲ್ಲ ಇದ್ದ ಕುಲಾವಿ. ಆದರೆ ಹೆಬ್ಬೆರಳಿಗೂ ಬಿಗಿಯಾಗುವಷ್ಟು ಚಿಕ್ಕದು.

"ಇದು ಯಾವ ಮಗುವಿಂದು ಅಜ್ಜಿ?"

"ನಿಂದೇ ಕಣೆ. ನೇತುಹಾಕಿ ಹೋಗಿದ್ಯಲ್ಲ, ಆ ನಳಿಕೆ. ಪಾಪ, ತಲೆಕೆಳಗಾಗಿ ಬಾಯಿ ತೆರಕೊಂಡು ನೇತಾಡ್ತಿತ್ತು. ಮುಚ್ಚಳ ಇಲ್ಲ, ಏನಿಲ್ಲ. ಹೊಗೆ ದೂಳು ಒಳಗೆ ಹೋಗಲ್ವಾ? ಕೊಳಕು ಮಾಡಿ ಕೊಟ್ರೆ ನಿನಗೆ ತಾನೆ ಬೈಯೋದು? ಅದಕ್ಕೆ ನಾಲ್ಕು ಮಡಿಕೆ ಬಟ್ಟೆ ಹಾಕಿ, ಒಳಗೆ ಹತ್ತಿ ತುಂಬಿ ಹೊಲಿದೆ. ಹೇಗಿದೆ?"

"ಯಾವಾಗ್ಲೂ ಹಾಕಿಡ್ತಿದ್ಯಾ?"

"ಭಾನುವಾರ ಬಿಟ್ಟು. ಭಾನುವಾರ ಒಗೆಯೋ ದಿನ ಅಲ್ವಾ. ನೀನು ಬಿಚ್ಚೋಕೆ ಬಂದ ದಿನ ಬೆಳಗ್ಗೆ ಕುಲಾವಿ ತೆಗೆದು, ಮೈಯೆಲ್ಲ ಒರೆಸಿಟ್ಟಿದ್ದೆ. ನೋಡ್ಲಿಲ್ವಾ, ಹೇಗೆ ಹೊಳೀತಿತ್ತು?"

ನೋಡಿದ್ದಳು. ಹೊಸದರಂತೆ ಇದೆಯಲ್ಲ ಅಂದುಕೊಂಡೇ ಚೀಲಕ್ಕೆ ಹಾಕಿಕೊಂಡಿದ್ದಳು.

ಬೇರೆ ಮನೆಗಳಲ್ಲಿ ಗುಬ್ಬಿ ಹೀಗೆ ಏನೂ ಹೇಳದೆ ನಳಿಕೆ ಕಟ್ಟಿ ಬಂದಿರಲಿಲ್ಲ. ಅಪರಿಚಿತರ ಎದುರು ಬಾಯಿ ಕಟ್ಟುತ್ತದೆಂದು, ಹೇಳಬೇಕಾದದ್ದನ್ನು ಕನ್ನಡಿಯ ಮುಂದೆ ಉರು ಹೊಡೆದಿದ್ದಳು. ‘ಇದು ಹೊಗೆ ಅಳೆಯೋ ನಳಿಕೆ. ಮುಟ್ಟಬೇಡಿ, ಒರೆಸಬೇಡಿ, ಮುಚ್ಚಬೇಡಿ. ಕೊಳೆಯಾದ್ರೆ ಆಗ್ಲಿ, ಅದು ಇರೋದೇ ಅದಕ್ಕೆ.’ ಪ್ರತಿ ಬಾಗಿಲಲ್ಲೂ ಬೆವರುತ್ತ ಒಪ್ಪಿಸಿದ್ದಳು. ಕೊನೆಗೆ ಅಜ್ಜಿಯ ಮನೆಗೆ ಬಂದಾಗ, ಸದ್ಯ ಇಲ್ಲಿ ಒಪ್ಪಿಸಬೇಕಿಲ್ಲವಲ್ಲ ಎಂದು ಹಗುರಾಗಿ, "ಅಜ್ಜಿ, ಇದೊಂದು ಇಲ್ಲಿರ್ಲಿ" ಎಂದು ಕಟ್ಟಿ, ಕೊಟ್ಟದ್ದನ್ನು ತಿಂದು ಹೊರಟುಬಿಟ್ಟಿದ್ದಳು. ಮನೆಯವರಿಗೆ ಯಾರು ವಿವರಣೆ ಕೊಡುತ್ತಾರೆ?

ಈಗ ಹೇಳಬೇಕೆಂದು ಬಾಯಿ ತೆರೆದಳು. ಅಜ್ಜಿ ಸೂಜಿ ಪೋಣಿಸಿಕೊಂಡು ಹತ್ತಿರ ಬಂದು, ತೊಟ್ಟ ಅಂಗಿಗೇ ಗುಂಡಿ ಹಾಕಿ, ಬಗ್ಗಿ ಹಲ್ಲಿನಿಂದ ದಾರ ಕಡಿದಳು. ಅವಳ ತಲೆಗೂದಲು ಗುಬ್ಬಿಯ ಗಲ್ಲಕ್ಕೆ ತಾಗಿತು, ಸೋಪಿನ ವಾಸನೆ. ಆ ತಲೆಯೊಳಗೆ ಈಗ ಓಡುತ್ತಿರುವುದು, ಕೆಳಗಿನ ಮನೆಯವಳಿಗೆ ಹೇಗೆ ಹೇಳಲಿ ಎಂಬ ಒಂದೇ ಸಂತೋಷ.

"ತುಂಬಾ ಚೆನ್ನಾಗಿದೆ ಅಜ್ಜಿ" ಎಂದಳು ಗುಬ್ಬಿ.

ಮಾರನೆಯ ದಿನ ಮೇಡಂ ಮುಂದೆ ನಿಂತು, ಮೇಜಿನ ಅಂಚಿನ ಜೊತೆಗೇ ಮಾತಾಡುವವಳ ಹಾಗೆ ನಡೆದದ್ದನ್ನು ಹೇಳಿದಳು. ಮೇಡಂ ನಗಲಿಲ್ಲ. ಒಂದು ಗಳಿಗೆ ತುಟಿ ಅಲುಗಿದ್ದು ಹೌದು.

"ಅದು ನಿನ್ನ ಅಜ್ಜಿ ಮನೆ ಅಂತ ನನಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಮೇಡಂ."

"ಕರಡು ಆಗ್ಲೇ ಎಲ್ಲರ ಕೈ ಸೇರಿದೆ. ಈಗ ನಾನು ಸುಮ್ಮನೆ ಆ ಅಂಕಿ ತೆಗೆದ್ರೆ, ಕಚೇರಿ ಹುಡುಗಿ ತನ್ನ ಅಜ್ಜಿ ಮನೆ ಉಳಿಸ್ಕೊಂಡ್ಳು ಅಂತಾರೆ. ಅನ್ನೋದು ತಪ್ಪೂ ಅಲ್ಲ. ಶನಿವಾರ ಜನರ ಸಭೆ ಇದೆ. ಎಲ್ಲರ ಮುಂದೆ ನೀನೇ ಎದ್ದು ಹೇಳು, ಮತ್ತೆ ಅಳೆಯೋಕೆ ನನಗೆ ದಾರಿ ಸಿಗುತ್ತೆ. ಹೇಳದೇ ಹೋದ್ರೆ ಇದೇ ಅಂಕಿ, ಇದೇ ಜಾಗ."

ಶನಿವಾರದವರೆಗೆ ಗುಬ್ಬಿಗೆ ಅನ್ನ ರುಚಿಸಲಿಲ್ಲ. ಜನರ ಮುಂದೆ ಮಾತಾಡುವ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು. ಹೇಳಿದರೆ ರಸ್ತೆಯವರೆಲ್ಲ ಅಜ್ಜಿಯನ್ನು ನೋಡಿ ನಗುತ್ತಾರೆ. ಕೆಳಗಿನ ಮನೆಯವಳಂತೂ ಸಾಯುವವರೆಗೆ ಬಿಡುವುದಿಲ್ಲ. ಹೇಳದಿದ್ದರೆ ಕಿಟಕಿ ಹೋಗುತ್ತದೆ. ಕಿಟಕಿ ಉಳಿಸಲು ಹೋದರೆ ಅಜ್ಜಿಯ ಮಾನ, ಮಾನ ಉಳಿಸಿದರೆ ಅಜ್ಜಿಯ ಎದೆ.

ಸಭೆ ನಡೆದದ್ದು ಗ್ರಂಥಾಲಯದ ಹಾಲಿನಲ್ಲಿ. ಅಜ್ಜಿ ಎಲ್ಲರಿಗಿಂತ ಮೊದಲೇ ಬಂದಿದ್ದಳು. ಪೆಟ್ಟಿಗೆಯ ತಳದಲ್ಲಿಟ್ಟ ಒಳ್ಳೆಯ ಬಟ್ಟೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು. ಗಾಡಿಗಳು ಬೇಡ ಎನ್ನಲು ಬಂದಿದ್ದಳೋ, ತನ್ನ ಕಿಟಕಿಯ ವಿಷಯ ಓದುವುದನ್ನು ಕೇಳಲು ಬಂದಿದ್ದಳೋ, ಅವಳಿಗೇ ತಿಳಿಯದು. ಪಕ್ಕದಲ್ಲಿ ಕೆಳಗಿನ ಮನೆಯವಳು. ಕೇಳಲಿ ಎಂದೇ ಅಜ್ಜಿ ಎಳೆದುಕೊಂಡು ಬಂದಿದ್ದಳು.

ಎಂಜಿನಿಯರ್ ಬಣ್ಣದ ಚಿತ್ರಗಳನ್ನು ತೋರಿಸಿದರು. ಮೇಡಂ ಅಂಕಿಗಳನ್ನು ಓದಿದರು. ಅಜ್ಜಿಯ ಮೂಲೆಯ ಅಂಕಿ ಬಂದಾಗ ಅಜ್ಜಿ ಪಕ್ಕದವಳನ್ನು ಮೊಣಕೈಯಿಂದ ತಿವಿದಳು. ಆಮೇಲೆ ಮೇಡಂ, "ಇದರ ಬಗ್ಗೆ ನಮ್ಮ ಹುಡುಗಿ ಒಂದು ಮಾತು ಹೇಳ್ತಾಳೆ" ಎಂದು ಗೋಡೆಯ ಕಡೆ ನೋಡಿದರು.

ಗುಬ್ಬಿ ಗೋಡೆ ಬಿಟ್ಟು ಎರಡು ಹೆಜ್ಜೆ ಬಂದಳು.

"ಆ ಕಿಟಕಿ ಅಳತೆ ಸರಿಯಿಲ್ಲ. ತಪ್ಪು ನಂದು. ಅದು ನಮ್ಮ ಅಜ್ಜಿ ಮನೆ. ಬೇರೆ ಮನೆಗಳಲ್ಲಿ ಹೇಳಿದ್ದನ್ನ ಅಲ್ಲಿ ಹೇಳ್ಲಿಲ್ಲ. ನಳಿಕೆ ಬಾಯಿ ಮುಚ್ಚಿತ್ತು. ಮತ್ತೆ ಅಳೀಬೇಕು."

"ಗಟ್ಟಿಯಾಗಿ" ಎಂದರು ಹಿಂದಿನವರು. ಅವಳು ಮತ್ತೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಇನ್ನೂ ಕಷ್ಟವಾಯಿತು.

ಔಷಧಿ ಅಂಗಡಿಯವರು ಎದ್ದರು. ಅಜ್ಜಿಯ ಮೂಲೆ ತಪ್ಪಿದರೆ ಮುಂದಿನ ಸರದಿ ತಮ್ಮದೆಂದು ಅವರಿಗೆ ಗೊತ್ತಿತ್ತು. "ಮುಚ್ಚಿತ್ತು ಅಂದ್ರೆ? ಯಾರು ಮುಚ್ಚಿದ್ದು ತಾಯಿ? ಲಾರಿಯವನು ಮೇಲೆ ಹತ್ತಿ ಮುಚ್ಚಿದ್ನಾ?"

ಸಭೆ ನಕ್ಕಿತು.

"ನೇರವಾಗಿ ಹೇಳಮ್ಮ. ಅಜ್ಜಿ ಮನೆ ಮುಂದೆ ಬೇಡ, ನನ್ನ ಅಂಗಡಿ ಮುಂದೆ ಆಗ್ಲಿ ಅಂತ. ನಳಿಕೆ, ಬಾಯಿ ಅಂತ ಯಾಕೆ ಸುತ್ತುಬಳಸು?"

"ತಪ್ಪು ನಂದು" ಎಂದಳು ಗುಬ್ಬಿ. "ಅಷ್ಟೇ ನಾನು ಹೇಳೋದು."

ಮುಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಅಜ್ಜಿ ಎದ್ದು ನಿಂತಿದ್ದಳು. ಅವಳ ಮುಖದ ಮೇಲಿನ ಹಬ್ಬ ಇಳಿದಿತ್ತು.

"ಮುಚ್ಚಿದ್ದು ನಾನು" ಎಂದಳು. ಆಮೇಲೆ ಹಾಲಿನಲ್ಲಿ ಬೇರೆ ಯಾರೂ ಇಲ್ಲವೆಂಬಂತೆ ಮೊಮ್ಮಗಳ ಕಡೆ ತಿರುಗಿದಳು. "ಗುಬ್ಬಿ, ಅದು ಕೊಳೆ ಆಗ್ಬೇಕಿತ್ತಾ?"

"ಹೂಂ ಅಜ್ಜಿ."

"ಕೊಳೆ ಆಗ್ಲಿ ಅಂತಲೇ ಕಟ್ಟಿದ್ದಾ?"

"ಹೂಂ."

"ಅಷ್ಟು ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ? ರಸ್ತೆಗೆಲ್ಲ ಹೇಳಿದ್ದೀಯ, ನನಗೆ ಮಾತ್ರ ಇಲ್ಲ. ಅಷ್ಟು ಹತ್ತಿರದವಳಾಗಿಬಿಟ್ನಾ ನಾನು?"

ಮತ್ತೆ ನಗು ಎದ್ದಿತು. ಆದರೆ ಈ ನಗುವಿಗೆ ಹಲ್ಲಿರಲಿಲ್ಲ. ಕೆಳಗಿನ ಮನೆಯವಳೇ ಹಿಂದೆ ತಿರುಗಿ, "ನಮ್ಮ ಮನೇಲೂ ಹಾಗೇ ಕಣ್ರೀ. ಮಗ ಆಸ್ಪತ್ರೆ ಸೇರಿದ್ದೂ ಪಕ್ಕದ ಮನೆಯವರಿಂದ ತಿಳೀಬೇಕು" ಎಂದಳು.

ಅಜ್ಜಿ ಕೈಚೀಲ ತೆರೆದು ಕುಲಾವಿ ತೆಗೆದಳು. ಯಾರಾದರೂ ಹೊಗಳಿದರೆ ತೋರಿಸಬೇಕೆಂದು ತಂದಿದ್ದಳು. ಈಗ ನಡೆದುಹೋಗಿ ಔಷಧಿ ಅಂಗಡಿಯವರ ಅಂಗೈಯಲ್ಲೇ ಇಟ್ಟಳು. "ಬಿಳಿ ಬಟ್ಟೇಲಿ ಹೊಲಿದದ್ದು ಸ್ವಾಮಿ. ನೋಡಿ ಈಗ ಯಾವ ಬಣ್ಣ. ವಾರ ವಾರ ತಿಕ್ಕಿ ಒಗೆದಿದ್ದೀನಿ. ನನ್ನ ಕೈಯಲ್ಲಿ ಒಗೆಸ್ಕೊಂಡೂ ಇಷ್ಟು ಕಪ್ಪು ಉಳ್ಕೊಂಡಿದೆ ಅಂದ್ರೆ, ಅಲ್ಲಿ ಏನು ಬೀಸ್ತಿದೆ ಅಂತ ನೀವೇ ಯೋಚನೆ ಮಾಡಿ."

ಅವರು ಕುಲಾವಿಯನ್ನು ತಿರುವಿ ನೋಡಿದರು. ನೆರಿಗೆಯ ಒಳಗೆಲ್ಲ ಸೀಸದಕಡ್ಡಿ ಉಜ್ಜಿದ ಹಾಗೆ ಬೂದು ಹಿಡಿದಿತ್ತು. ಲಾಡಿಯನ್ನು ಬೆರಳಿಗೆ ಸುತ್ತಿಕೊಂಡರು.

"ನಿಮ್ಮ ಕೆಮ್ಮಿನ ಔಷಧಿ ಕೊಡೋನು ನಾನೇ ಅಲ್ವಾ ಅಜ್ಜಿ" ಎಂದರು ಕೊನೆಗೆ. "ಬಾಟಲಿ ಕೊಟ್ಟೆ, ಯಾಕೆ ಇಷ್ಟು ಬೇಗ ಮುಗೀತಿದೆ ಅಂತ ಕೇಳ್ಲಿಲ್ಲ." ಮೇಡಂ ಕಡೆ ತಿರುಗಿದರು. "ಮತ್ತೆ ಅಳೀರಿ. ನಂದೂ ಅಳೀರಿ, ಆ ಗೋಡೇದೂ ಅಳೀರಿ. ಆದ್ರೆ ಈ ಸಲ ಅಜ್ಜಿ ಕೈ ಕಟ್ಟಿಹಾಕಿ."

ಎಂಜಿನಿಯರ್ ಕುಲಾವಿ ಈಸಿಕೊಂಡು ತಮ್ಮ ಪೆನ್ನಿನ ತಲೆಗೆ ತೊಡಿಸಿ ನೋಡಿದರು. ಸರಿಯಾಗಿ ಕೂತಿತು. "ನಾನು ಮಾತಿಗೆ ಅಂದಿದ್ದೆ ಮೇಡಂ" ಎಂದರು. "ನಿಜವಾಗ್ಲೂ ಹೊಲಿಸಿಬಿಟ್ರಲ್ಲ."

ಮುಂದಿನ ಒಂದು ತಿಂಗಳು ಅಜ್ಜಿಯ ಪಾಲಿಗೆ ಕಠಿಣ ವ್ರತ. ಹೊಸ ನಳಿಕೆ ಬಾಯಿ ತೆರೆದು ನೇತಾಡಿತು. ಅಜ್ಜಿಯ ಫೋನು ಕಚೇರಿಗೇ ಬರತೊಡಗಿತು.

"ಗುಬ್ಬಿ, ಅದರ ಮೇಲೆ ಜೇಡ ಬಲೆ ಕಟ್ತಾ ಇದೆ."

"ಕಟ್ಲಿ ಅಜ್ಜಿ."

"ಅದನ್ನ ಮುಟ್ಟಲ್ಲ. ಸುತ್ತ ಸರಳು ಮಾತ್ರ ಒರೆಸ್ಲಾ?"

"ಬೇಡ ಅಜ್ಜಿ."

"ನಿನ್ನ ಕೆಲಸ ಹಾಳಾಗ" ಎಂದು ಅಜ್ಜಿ ಫೋನಿಟ್ಟಳು. ಹೊಲಿಗೆ ಯಂತ್ರವನ್ನು ತಿರುಗಿಸಿ, ಕಿಟಕಿಗೆ ಬೆನ್ನು ಹಾಕಿ ಕೂತಳು. ಬೆಳಕು ಹೆಗಲ ಮೇಲಿಂದ ಬಂದರೆ ಸಾಕು, ಕೊಳೆ ಕಣ್ಣಿಗೆ ಬೀಳದಿರಲಿ. ಮನೆಗೆ ಯಾರೇ ಬರಲಿ, ಅವರು ಕೂರುವ ಮೊದಲೇ ಕಿಟಕಿ ತೋರಿಸಿ, "ಅದು ಸರ್ಕಾರದ ಕೊಳೆ, ನಂದಲ್ಲ" ಎನ್ನುತ್ತಿದ್ದಳು.

ಅಂಕಿ ಬಂತು. ಮೂರು ಜಾಗಗಳಲ್ಲಿ ಅಜ್ಜಿಯ ಮೂಲೆಯದೇ ಅತಿ ಕೆಟ್ಟ ಗಾಳಿ. ಔಷಧಿ ಅಂಗಡಿಯದು ಅದಕ್ಕಿಂತ ವಾಸಿಯಾದರೂ ಇನ್ನಷ್ಟು ಹೊಗೆ ತಾಳುವಂಥದ್ದಲ್ಲ. ಗಾಡಿಗಳನ್ನು ತಡೆಯುವ ಜಾಗ ನೀರಿನ ಟ್ಯಾಂಕಿನ ಗೋಡೆಗೆ ಹೋಯಿತು. ಅಲ್ಲಿ ಒಂದೇ ಒಂದು ಕಿಟಕಿಯಿಲ್ಲ. ಎಂಜಿನಿಯರ್ ತಾಳ ತಪ್ಪಿತೆಂದು ಗೊಣಗುತ್ತ, ವಾರಗಟ್ಟಲೆ ಕೂತು ಅದನ್ನು ಹೇಗೋ ಹೊಂದಿಸಿದರು.

ಕಿಟಕಿ ಉಳಿಯಿತು ಎಂದು ಗುಬ್ಬಿ ಕುಣಿಯುತ್ತ ಹೇಳಲು ಬಂದರೆ ಅಜ್ಜಿಯ ಮುಖ ಊದಿಕೊಂಡಿತ್ತು.

"ಹಾಗಾದ್ರೆ ಪುಸ್ತಕದಲ್ಲಿ ನನ್ನ ಮನೆಯೇ ಎಲ್ಲಕ್ಕಿಂತ ಕೊಳಕು ಅಂತ ಬರೀತಾರೆ."

"ಮನೆ ಅಲ್ಲ ಅಜ್ಜಿ, ಗಾಳಿ."

"ಓದೋರಿಗೆ ಅದೆಲ್ಲ ಗೊತ್ತಾಗುತ್ತಾ? ನಿಮ್ಮ ಮೇಡಂಗೆ ಹೇಳು."

ಗುಬ್ಬಿ ಹೇಳಿದಳು. ಕೊನೆಯ ವರದಿ ಬಂದಾಗ ಮೇಡಂ ಆ ಪುಟ ತೆರೆದು ಅವಳ ಕೈಗೆ ಕೊಟ್ಟರು. ಅಂಕಿಗಳ ಕೆಳಗೆ, ಅದೇ ಒಣ ಭಾಷೆಯಲ್ಲಿ ಒಂದು ಸಾಲು: ‘ಈ ಸ್ಥಳದಲ್ಲಿ ಕಂಡುಬಂದ ಮಾಲಿನ್ಯವು ಸಂಪೂರ್ಣವಾಗಿ ರಸ್ತೆಯದಾಗಿದ್ದು, ಮನೆಯು ಅತ್ಯಂತ ಸ್ವಚ್ಛವಾಗಿರುವುದನ್ನು ಪರಿಶೀಲನಾ ತಂಡವು ಖುದ್ದಾಗಿ ಗಮನಿಸಿದೆ.’ ಅಜ್ಜಿ ಅದನ್ನು ಕೆಳಗಿನ ಮನೆಯವಳಿಂದಲೇ ಗಟ್ಟಿಯಾಗಿ ಓದಿಸಿದಳು.

ಸಿಗ್ನಲ್ಲುಗಳು ಒಂದು ತಾಳಕ್ಕೆ ಬಂದ ಮೇಲೆ, ಹೇಳಿದಷ್ಟು ಹೊಗೆ ಇಳಿಯಿತೇ ಎಂದು ಮತ್ತೊಮ್ಮೆ ಅಳೆಯಬೇಕಿತ್ತು. ಗುಬ್ಬಿ ಚೀಲ ಹೆಗಲಿಗೇರಿಸಿ, ಈ ಸಲ ಮೊದಲು ಅಜ್ಜಿಯ ಮನೆಗೇ ಬಂದಳು. ಯಂತ್ರ ಮತ್ತೆ ಕಿಟಕಿಗೆ ಮುಖ ಮಾಡಿ ಕೂತಿತ್ತು. ಕೆಳಗೆ ಗಾಡಿಗಳ ಗುಂಪೊಂದು ನಿಲ್ಲದೆ ಹರಿದುಹೋಯಿತು. ಆಮೇಲೆ ಒಂದಿಷ್ಟು ಹೊತ್ತು ರಸ್ತೆ ಖಾಲಿ. ಆ ಖಾಲಿಯಲ್ಲಿ ಶಾಲೆಯ ಮೈದಾನದ ಮಕ್ಕಳ ಕೂಗು ಮಹಡಿಯವರೆಗೂ ಬಂತು.

ನಳಿಕೆ ಕೈಯಲ್ಲಿ ಹಿಡಿದು, ಗುಬ್ಬಿ ಹೊಸಿಲ ಆಚೆಯೇ ನಿಂತಳು. "ಅಜ್ಜಿ, ಇದು ಹೊಗೆ ಅಳೆಯೋ..."

"ಹಾಗಲ್ಲ" ಎಂದಳು ಅಜ್ಜಿ. ಕನ್ನಡಕ ಸರಿ ಮಾಡಿಕೊಂಡು, ಎದ್ದು ಕುರ್ಚಿ ಎಳೆದಳು. "ಬನ್ನಿ, ಒಳಗೆ ಬನ್ನಿ. ಕೂತ್ಕೊಳ್ಳಿ. ಯಾರು ಬೇಕಾಗಿತ್ತು ನಿಮಗೆ? ಎಲ್ಲಿಂದ ಬಂದ್ರಿ?"

"ಅಜ್ಜಿ."

"ನಾನು ಮನೆ ಯಜಮಾನಿ. ನಿಧಾನವಾಗಿ ಹೇಳಿ, ಪೂರ್ತಿ ಹೇಳಿ. ನನಗೆ ಏನೂ ಗೊತ್ತಿಲ್ಲ."

ಗುಬ್ಬಿ ಕುರ್ಚಿಯ ತುದಿಯಲ್ಲಿ ಕೂತು, ಕನ್ನಡಿಯ ಮುಂದೆ ಕಲಿತದ್ದನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದಳು. ಅಜ್ಜಿ ತಲೆದೂಗುತ್ತ ಕೇಳಿದಳು. ‘ಒರೆಸಬೇಡಿ’ ಎಂಬಲ್ಲಿ ಮಾತ್ರ, ತೊಡೆಯ ಮೇಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿ ಮೆಲ್ಲಗೆ ತನ್ನ ಬೆನ್ನ ಹಿಂದೆ ಇಟ್ಟುಕೊಂಡಳು.